ಪಂಪಿಗೆ ಬಿದ್ದ ನಾಮ

“ಸಾವ್ಕಾರ್ರು ‘ತೆಗಿ’ ಅಂದ್ರು ಅಮ್ಮಾ. ತೆಗ್ದೆ. ಅದಕ್ಕಿಂತ ಹೆಚ್ಚಿಗೆ ನಂಗೇನೂ ಗೊತ್ತಿಲ್ಲ.”

ಠಾಣೆಯ ಕಂಬಿಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ಮುನಿಕೃಷ್ಣ ಈ ಮಾತನ್ನು ರುಕ್ಮಿಣಮ್ಮನವರ ಮುಖ ನೋಡಿ ಹೇಳಲಿಲ್ಲ. ನೆಲ ನೋಡಿಕೊಂಡು ಹೇಳಿದ.

ರುಕ್ಮಿಣಮ್ಮ ವಿಮಾ ಕಂಪನಿಯ ತನಿಖಾಧಿಕಾರಿ. ಯಲಹಂಕದಿಂದ ದೊಡ್ಡಬಳ್ಳಾಪುರದವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದರು. ಮಂಡಿ ಮಾತು ಕೇಳುತ್ತಿರಲಿಲ್ಲ. ಯಾರೂ ಹೇಳದಿದ್ದರೂ ಪೇದೆಯೊಬ್ಬ ತಾನು ಕೂತಿದ್ದ ಸ್ಟೂಲನ್ನು ತಂದು ಕಂಬಿಯ ಮುಂದಿಟ್ಟಿದ್ದ. “ಒಂದು ಕಾಲು ಕುಂಟುತ್ತೆ, ನೋಡ್ಕೊಂಡು ಕೂತ್ಕೊಳ್ಳಿ” ಎಂದೂ ಹೇಳಿ ಹೋಗಿದ್ದ.

ರೇಷ್ಮೆ ಗಿರಣಿಯ ಸಾಹುಕಾರ ಶಶಿಕುಮಾರನ ಗೋದಾಮಿಗೆ ಬೆಂಕಿ ಬಿದ್ದ ಸಂಜೆ ಚಾವಣಿಯ ಕೆಂಪು ಕೊಳವೆಗಳಿಂದ ಮಳೆಯಂತೆ ಸುರಿಯಬೇಕಿದ್ದ ನೀರು ಒಂದು ಹನಿಯೂ ಸುರಿಯಲಿಲ್ಲ. ಒಳಗಿದ್ದ ಕಾವಲುಗಾರ ಬೈರಣ್ಣ ಸುಟ್ಟಗಾಯಗಳಿಂದ ತೀರಿಕೊಂಡ. ಆ ಸಾವು ಈಗ ಗಿರಣಿಯ ಫಿಟ್ಟರ್ ಮುನಿಕೃಷ್ಣನ ತಲೆಯ ಮೇಲಿತ್ತು.

“ಏನನ್ನ ತೆಗೆದೆ? ಬಿಡಿಸಿ ಹೇಳಪ್ಪ.”

“ಪಂಪು. ಸಂಪಿನ ಪಕ್ಕ ಕೂರ್ಸಿದ್ದ ಪಂಪು. ಬೆಂಕಿ ಆಫೀಸಿನೋರು ಬಂದು, ನೀರು ಬಿಡ್ಸಿ ನೋಡಿ, ಪರ್ಮಿಷನ್ ಕೊಟ್ರು. ಅದಾದ್ಮೇಲೆ ಬಿಚ್ಚಿ ಟೆಂಪೋಗೆ ಹಾಕ್ದೆ.”

“ಎಲ್ಲಿಗೆ ಹೋಯ್ತು?”

“ಗೊತ್ತಿಲ್ಲ.”

“ಬೆಂಕಿ ಬಿದ್ದ ದಿನ?”

“ಇರ್ಲಿಲ್ಲ ಅಮ್ಮಾ. ಪಂಪೇ ಇಲ್ದಿದ್ರೆ ನೀರೆಲ್ಲಿಂದ ಬರುತ್ತೆ?”

ಹಿಂದಿನಿಂದ ಸಬ್‌ಇನ್ಸ್‌ಪೆಕ್ಟರ್ ಬೈಲಪ್ಪ ನಿಟ್ಟುಸಿರು ಬಿಟ್ಟರು. ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು. ಕೈಯಲ್ಲಿ ಆರಿದ ಟೀ.

“ಇವನು ಹೀಗಂತಾನೆ. ನಾನು ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಹಜರಿಗೆ ಹೋದಾಗ ಪಂಪು ಕಲ್ಲುಗುಂಡಿನ ಹಾಗೆ ಅಲ್ಲೇ ಕೂತಿತ್ತು. ಪಕ್ಕದ ವಾಲ್ವು ಮುಚ್ಚಿತ್ತು. ಸಾವ್ಕಾರ್ರನ್ನ ಕೇಳಿದ್ರೆ, ‘ವಾಲ್ವು ತೆಗಿ ಅಂದೆ, ಇವನು ತೆಗೀಲಿಲ್ಲ’ ಅಂತಾರೆ. ಯಾರನ್ನ ನಂಬೋಣ?”

ರುಕ್ಮಿಣಮ್ಮ ಆ ‘ತೆಗಿ’ಯನ್ನೇ ತಿರುವಿ ನೋಡಿದರು. ಬಾಗಿಲನ್ನೂ ತೆಗೆಯುತ್ತೇವೆ, ಕಾಲಿನ ಚಪ್ಪಲಿಯನ್ನೂ ತೆಗೆಯುತ್ತೇವೆ. ಒಂದು ತೆರೆಯುವುದು, ಇನ್ನೊಂದು ಕಳಚುವುದು. ಹೇಳಿದವನು ಒಂದು ಹೇಳಿ ಕೇಳಿದವನು ಇನ್ನೊಂದು ಕೇಳಿದನೋ, ಅಥವಾ ಆ ಒಂದು ಮಾತಿನ ಮರೆಯಲ್ಲಿ ಇಬ್ಬರಲ್ಲೊಬ್ಬ ಅಡಗಿ ಕೂತಿದ್ದಾನೋ?

“ಬೈಲಪ್ಪನವರೇ, ನಮ್ಮ ಆಫೀಸಿನಲ್ಲಿ ಒಂದು ಮಾತು ಓಡಾಡುತ್ತೆ. ಪರ್ಮಿಷನ್ ಕೊಡೋಕೆ ಬರೋ ದಿನಕ್ಕೆ ಅಂತಲೇ ಒಂದೇ ಪಂಪು ಊರೂರು ಸುತ್ತುತ್ತೆ ಅಂತ. ಇವತ್ತು ಇಲ್ಲಿ, ನಾಳೆ ದಾಬಸ್‌ಪೇಟೆ, ನಾಡಿದ್ದು ಹೊಸಕೋಟೆ.”

“ಉತ್ಸವಮೂರ್ತಿ ಥರಾನಾ?” ಬೈಲಪ್ಪ ಇಷ್ಟವಿಲ್ಲದೆ ನಕ್ಕರು. “ಮಂಗಳಾರತಿ ಆಯ್ತು, ಇನ್ನೊಂದೂರಿಗೆ ನಡಿ.”

“ಹಾಗೇ.”

“ಮಧ್ಯಾಹ್ನ ಇವನನ್ನ ಕೋರ್ಟಿಗೆ ಹಾಜರು ಮಾಡ್ಲೇಬೇಕು. ಒಳಗೆ ಹೋದ್ರೆ ಬಿಡಿಸೋರು ಯಾರೂ ಇಲ್ಲ, ಪಾಪ. ನೀವು ಮಿಲ್ಲಿಗೆ ಹೋಗಿ ಬನ್ನಿ ಅಮ್ಮಾ. ಹೊರಡೋಕೆ ಮುಂಚೆ ನಾನೇ ಅಲ್ಲಿಗೆ ಫೋನ್ ಮಾಡ್ತೀನಿ. ಪಂಪು ಹೋಗಿತ್ತು ಅನ್ನೋಕೆ ಒಂದೇ ಒಂದು ಸಾಕ್ಷಿ ಕೊಡಿ, ಕಟಕಟೆಗೆ ಬೇರೆಯೋರನ್ನ ಹತ್ತಿಸ್ತೀನಿ.”

ಬೈಲಪ್ಪ ಹಾಗೆ ಕಾಯಬೇಕಾಗಿರಲಿಲ್ಲ. ಮಹಜರಿತ್ತು, ಆರೋಪಿ ಇದ್ದ, ಕೇಸು ಮುಗಿದಂತೆಯೇ ಇತ್ತು. ರುಕ್ಮಿಣಮ್ಮ ಎದ್ದು ಕೈಮುಗಿದರು.

*

ದಾಬಸ್‌ಪೇಟೆ ರಸ್ತೆಯ ಆ ಗಿರಣಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಊರ ಒಳಗೆ ಪ್ರತಿ ಬೀದಿಯಲ್ಲೂ ಮಗ್ಗಗಳು ಕಟಕಟ ಎನ್ನುತ್ತಿದ್ದವು. ಇಲ್ಲಿ ಸದ್ದೇ ಇರಲಿಲ್ಲ. ಸುಟ್ಟ ರೇಷ್ಮೆಯ ವಾಸನೆ ಸುಟ್ಟ ಕೂದಲಿನ ವಾಸನೆಯ ಹಾಗೆ ಗೇಟಿನಲ್ಲೇ ಮುಖಕ್ಕೆ ಬಡಿಯಿತು.

ಆಫೀಸಿನ ಕೋಣೆ ಮಾತ್ರ ಉಳಿದಿತ್ತು. ಗೋಡೆಯಲ್ಲಿ ಚೌಡೇಶ್ವರಿ ಅಮ್ಮನ ಪಟ. ಅದರ ಪಕ್ಕದಲ್ಲೇ, ಅದೇ ಅಳತೆಯ ಚೌಕಟ್ಟಿನಲ್ಲಿ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ. ಎರಡಕ್ಕೂ ಬಾಡಿದ ಸೇವಂತಿಗೆ ಹಾರ.

“ಪರ್ಮಿಷನ್ನಿಗೂ ಹಾರ ಹಾಕಿದ್ದೀರ?”

“ಅಮ್ಮನಿಗಿಂತ ಹೆಚ್ಚು ಸುತ್ತು ಹಾಕಿದ್ದು ಅದಕ್ಕೇ ಕಣಮ್ಮ.” ಶಶಿಕುಮಾರ ಕುರ್ಚಿ ಎಳೆದು ಕೊಟ್ಟ. ನಲವತ್ತರ ಮೇಲಿನ ವಯಸ್ಸು, ಗಡ್ಡ ಬೆಳೆದಿತ್ತು. “ನಕ್ಷೆ ಕೊಟ್ಟೆ. ಮೆಟ್ಲು ಅಗಲ ಸಾಲ್ದು ಅಂದ್ರು, ಒಡೆದು ಕಟ್ಸಿದೆ. ಸಂಪು ಚಿಕ್ಕದಾಯ್ತು ಅಂದ್ರು, ಅಗೆಸ್ದೆ. ಆಮೇಲೆ, ‘ಏನ್ರೀ, ನಿಮ್ಮ ನಕ್ಷೆಗೂ ಕಟ್ಟಡಕ್ಕೂ ತಾಳೆನೇ ಆಗ್ತಿಲ್ವಲ್ಲ, ಹೊಸ ನಕ್ಷೆ ಕೊಡಿ’ ಅಂದ್ರು. ಹೊಸ ನಕ್ಷೆ ತಗೊಂಡು ಹೋದ್ರೆ ಸಾಹೇಬ್ರಿಗೆ ವರ್ಗ ಆಗಿತ್ತು. ಹೊಸ ಸಾಹೇಬ್ರು ಮೊದ್ಲಿಂದ ಓದ್ಬೇಕು ಅಂದ್ರು.”

ರುಕ್ಮಿಣಮ್ಮನಿಗೆ ನಗು ಬಂತು, ನಗಲಾಗಲಿಲ್ಲ. ಅವರು ನೋಡಿದ ಎಷ್ಟೋ ಗಿರಣಿಗಳ ಕತೆ ಇದೇ. ಬೆಂಕಿಗಿಂತ ಮೊದಲು ಕಾಗದವೇ ಮನುಷ್ಯನನ್ನು ಸುಟ್ಟಿರುತ್ತಿತ್ತು. ಕಾಗದ ಕೈಗೆ ಬಂದ ದಿನ ಎಲ್ಲರೂ ಒಮ್ಮೆ ಉಸಿರು ಬಿಡುತ್ತಿದ್ದರು. ಆಮೇಲೆ ಆ ಕೆಂಪು ಕೊಳವೆಗಳತ್ತ ತಲೆ ಎತ್ತಿ ನೋಡುವವರೇ ಇರುತ್ತಿರಲಿಲ್ಲ.

“ಪಂಪಿನ ಕೋಣೆ ನೋಡಬಹುದಾ?”

“ಧಾರಾಳವಾಗಿ.” ಅವನು ಬೀಗದ ಕೈ ಹಿಡಿದು ಮುಂದೆ ನಡೆದ. ಸುಟ್ಟ ತೊಲೆಯೊಂದು ದಾರಿಗೆ ಅಡ್ಡ ಬಿದ್ದಿದ್ದ ಕಡೆ ನಿಂತು, ಅವರು ದಾಟುವವರೆಗೆ ಕೈ ಚಾಚಿಕೊಂಡಿದ್ದ. ಅಪರಾಧಿಗಳೂ ಹೀಗೆ ಕೈ ಚಾಚುವುದನ್ನು ರುಕ್ಮಿಣಮ್ಮ ಕಂಡಿದ್ದರು. ಆದರೂ ಆ ಕೈ ಹಿಡಿದೇ ದಾಟಿದರು.

ಮಗ್ಗಗಳಿದ್ದ ಪಡಸಾಲೆಗೆ ಬೆಂಕಿ ತಲುಪಿರಲಿಲ್ಲ. ಸಾಲಾಗಿ ನಿಂತ ವಿದ್ಯುತ್ ಮಗ್ಗಗಳ ಮೇಲೆ ಆಯುಧಪೂಜೆಯ ದಿನ ಎಳೆದ ವಿಭೂತಿಯ ಮೂರು ಪಟ್ಟೆ. ಅಲ್ಲಿಂದೀಚೆಗೆ ಮೂರು ವಾರ ಕಳೆದಿತ್ತು. ಪಟ್ಟೆಗಳು ಉದುರಿ ಬರೀ ಗುರುತು ಉಳಿದಿತ್ತು. ಆ ಗುರುತಿನ ಮೇಲೂ ನೂಲಿನ ಧೂಳು ಕೂತಿತ್ತು.

ಪಂಪಿನ ಕೋಣೆ ಹಿತ್ತಲಿನಲ್ಲಿತ್ತು, ಸಂಪಿನ ಕಟ್ಟೆಯೂ ಅದರೊಳಗೇ. ಶಶಿಕುಮಾರ ಬಾಗಿಲು ತೆರೆದ. ಹಸಿರು ಬಣ್ಣದ ದೊಡ್ಡ ಪಂಪು. ಅದರ ಹಣೆಯ ಮೇಲೂ ವಿಭೂತಿ.

ಆದರೆ ಇದು ಮೂರು ಪಟ್ಟೆಯಲ್ಲ. ಗೋಡೆಗೆ ಗಾರೆ ಮೆತ್ತಿದ ಹಾಗೆ ಅಂಗೈಯಗಲ ಮೆತ್ತಿದ್ದರು. ರುಕ್ಮಿಣಮ್ಮ ಬೆರಳಿಟ್ಟರು. ಹೊಸ ವಿಭೂತಿ, ಹಿಟ್ಟಿನಂತೆ ಬೆರಳಿಗೆ ಬಂತು.

“ಶಶಿಕುಮಾರ್, ನೀವು ಮುನಿಕೃಷ್ಣನಿಗೆ ‘ತೆಗಿ’ ಅಂದಿದ್ದು ನಿಜ ತಾನೇ?”

“ನಿಜ. ವಾಲ್ವು ತೆಗಿ ಅಂದೆ. ಪರೀಕ್ಷೆ ಆದ್ಮೇಲೆ ಅದನ್ನ ಮುಚ್ಚಿದ್ರು, ತೆಗೆದೇ ಇಡ್ಬೇಕು ಅಂತ ಆ ಆಫೀಸರ್ರೇ ಹೇಳಿ ಹೋಗಿದ್ರು.”

“ಅವನು ಪಂಪು ತೆಗಿ ಅಂದ್ರು ಅಂತಾನೆ.”

“ಬಾಗ್ಲು ತೆಗಿ ಅಂದ್ರೆ ಬಾಗ್ಲನ್ನೇ ಕಿತ್ತು ಹೆಗಲ ಮೇಲೆ ಹೊತ್ಕೊಂಡು ಹೋಗ್ತಾರಾ ಅಮ್ಮಾ? ಅವನೇನು ಹಸುಗೂಸಾ? ಹದಿನಾರನೇ ವಯಸ್ಸಿಂದ ಇಲ್ಲೇ ಕೆಲಸ ಕಲಿತೋನು.” ಅವನ ದನಿ ಏರಿ, ತಾನೇ ಇಳಿಯಿತು. “ಒಳ್ಳೆ ಹುಡುಗ. ಮರ್ತಿರ್ತಾನೆ. ಮರ್ತೆ ಅಂತ ಒಪ್ಕೊಂಡಿದ್ರೆ ನಾನೇ ಅವನ ಪರ ಮಾತಾಡ್ತಿದ್ದೆ. ಈಗ ಪಂಪೇ ಇರ್ಲಿಲ್ಲ ಅಂತ ನನ್ನ ಮೇಲೆ ಹಾಕಿದ್ರೆ? ವಿಮೆ ದುಡ್ಡೂ ಬರಲ್ಲ, ಬೈರಣ್ಣನ ಹೆಂಡ್ತಿಗೂ ಬಿಡಿಗಾಸು ಸಿಗಲ್ಲ.”

ರುಕ್ಮಿಣಮ್ಮ ಸೆರಗಿನ ತುದಿಯನ್ನು ಸಂಪಿನ ನೀರಿನಲ್ಲಿ ಅದ್ದಿ ಹಿಂಡಿದರು. ಪಂಪಿನ ಹಣೆಯನ್ನು, ಜ್ವರ ಬಂದ ಮಗುವಿನ ಹಣೆ ಒರೆಸುವ ಹಾಗೆ ಒರೆಸಿದರು.

ವಿಭೂತಿ ಕರಗಿ ಇಳಿಯಿತು. ಅದರ ಕೆಳಗಿನದು ಕರಗಲಿಲ್ಲ. ಬಣ್ಣದಲ್ಲಿ ಬರೆದದ್ದು. ಎರಡು ಬಿಳಿ ಗೆರೆ, ನಡುವೆ ಒಂದು ಕೆಂಪು ಗೆರೆ.

“ಏನಿದು ಶಶಿಕುಮಾರ್?”

ಅವನು ಬಗ್ಗಿ ನೋಡಿದ. “ನಾಮ.”

“ನೀವು ನಾಮದವರಾ?”

“ನಮ್ಮದು ಚೌಡೇಶ್ವರಿ ಮನೆ ಅಮ್ಮಾ. ತಾತನ ಕಾಲದಿಂದ ವಿಭೂತಿ.”

“ಅಂದರೆ ಇದು ನಾಮದವರ ಮನೆಯಲ್ಲಿ ಪೂಜೆ ಮಾಡಿಸಿಕೊಂಡು ಬಂದಿದೆ. ಯಾರೋ ಯಾರಿಗೋ ನಾಮ ಹಾಕಿದ್ದಾರೆ. ಯಾರು ಯಾರಿಗೆ ಅನ್ನೋದಷ್ಟೇ ಗೊತ್ತಾಗಬೇಕು.”

ಅವನ ಕಿವಿ ಕೆಂಪಾಯಿತು. ಆದರೆ ತಡವರಿಸಲಿಲ್ಲ. “ಅದು ಸೆಕೆಂಡ್ ಹ್ಯಾಂಡ್ ಪಂಪು. ಹೊಸದು ತರೋ ಶಕ್ತಿ ಎಲ್ಲಿತ್ತು? ಮೊದ್ಲು ಯಾರ ಹತ್ರ ಇತ್ತೋ, ಅವರು ಬರ್ಸಿರ್ತಾರೆ. ನಾನು ಇವತ್ತೇ ನೋಡ್ತಿರೋದು. ಈ ಕೋಣೆಗೆ ನಾನೆಲ್ಲಿ ಬರ್ತೀನಿ?”

ಒಳ್ಳೆಯ ಉತ್ತರ. ರುಕ್ಮಿಣಮ್ಮನಿಗೆ ಮಂಡಿಯ ನೋವು ಒಮ್ಮೆಲೇ ನೆನಪಾಯಿತು. ಸಂಪಿನ ಕಟ್ಟೆಯ ಮೇಲೆ ಕೂತರು.

“ಸರಿ. ಈ ವಿಭೂತಿ ಯಾವತ್ತು ಹಚ್ಚಿದ್ದು?”

“ಆಯುಧಪೂಜೆ ದಿನ. ಎಲ್ಲಾ ಮಿಷನ್ನಿಗೂ ಹಚ್ಚೋ ಹಾಗೆ.”

“ಮಗ್ಗದ ವಿಭೂತಿಯೆಲ್ಲ ಉದುರಿ ಹೋಗಿದೆ. ಇದು ನಿನ್ನೆ ಮೊನ್ನೆಯದರ ಹಾಗಿದೆ.”

“ಇಲ್ಲಿ ಗಾಳಿ ಆಡಲ್ಲ, ಉಳ್ಕೊಂಡಿರುತ್ತೆ. ಹಚ್ಚಿದ್ದು ನಾನಲ್ಲ, ಅಕ್ಕಯಮ್ಮ. ಕಸ ಗುಡ್ಸೋದು, ಪೂಜೆ ಸಾಮಾನು ನೋಡ್ಕೊಳ್ಳೋದು ಎಲ್ಲಾ ಅವಳದೇ. ಕರೀತೀನಿ, ನೀವೇ ಕೇಳಿ.”

ಅವನು ಹೊರಗೆ ಹೋಗಿ ಗಟ್ಟಿಯಾಗಿ ಕೂಗಿದ. ರುಕ್ಮಿಣಮ್ಮನಿಗೆ ಕಸಿವಿಸಿಯಾಯಿತು. ಸುಳ್ಳು ಹೇಳುವವನು ಸಾಕ್ಷಿಯನ್ನು ಹೀಗೆ ತಾನಾಗಿಯೇ ಕರೆಯುವುದಿಲ್ಲ.

*

ಅಕ್ಕಯಮ್ಮ ಪೊರಕೆಯನ್ನು ಬಾಗಿಲ ಹೊರಗೇ ಒರಗಿಸಿ ಬಂದಳು. ಅರವತ್ತು ದಾಟಿದ ಸಣಕಲು ಜೀವ. ಪಂಪಿನ ಹಣೆ ನೋಡಿದ್ದೇ ತಡ, ಎರಡು ಕೆನ್ನೆಗೂ ಬಡಿದುಕೊಂಡಳು.

“ಅಯ್ಯೋ ತಿಮ್ಮಪ್ಪಾ! ಯಾರವ್ವಾ ಒರ್ಸಿದ್ದು?”

“ನಾನೇ ಒರೆಸಿದೆ ಅಕ್ಕಯಮ್ಮ. ಹಚ್ಚಿದ್ದು ನೀವಾ?”

ಅವಳು ಸಾಹುಕಾರನ ಕಡೆ ನೋಡಿದಳು. ಅವನು, “ಹೇಳು, ಹೆದರ್ಬೇಡ. ಆಯುಧಪೂಜೇಲಿ ತಾನೇ ಹಚ್ಚಿದ್ದು?” ಎಂದ.

“ಆಯುಧಪೂಜೇಲಿ ಇದೆಲ್ಲಿತ್ತು ಸಾಮಿ? ಇಲ್ಲಿ ಬರೀ ಪಂಪು ಕೂರ್ಸೋ ಕಟ್ಟೆ ಇತ್ತು. ಬರೀ ಕಟ್ಟೆಗ್ಯಾಕೆ ಅಂತ ಒಂದು ಹೂ ಮಡಗಿ ಹೋಗಿದ್ದೆ.”

ಶಶಿಕುಮಾರ ಬಾಗಿಲಿನ ಚೌಕಟ್ಟು ಹಿಡಿದುಕೊಂಡ.

ರುಕ್ಮಿಣಮ್ಮ ಪಕ್ಕಕ್ಕೆ ಸರಿದು, ಕಟ್ಟೆಯ ಮೇಲೆ ಜಾಗ ಮಾಡಿದರು. “ಕೂತ್ಕೊಳ್ಳಿ. ನಿಂತು ನಿಂತು ನಿಮಗೂ ಸಾಕಾಗಿರುತ್ತೆ.”

“ಬ್ಯಾಡಿ ಅವ್ವಾ, ನಿಮ್ಮ ಸಮಕ್ಕೆ ಕೂರ್ತೀನಾ?”

“ನನ್ನ ಮಂಡಿಗೂ ನಿಮ್ಮ ಮಂಡಿಗೂ ಒಂದೇ ವಯಸ್ಸು. ಕೂತ್ಕೊಳ್ಳಿ.”

ಅಕ್ಕಯಮ್ಮ ತುದಿಯಲ್ಲಿ ಕೂತಳು. ಕೂತ ಮೇಲೆ ಮಾತು ಸುಲಭವಾಗಿ ಬಂತು.

“ಬೆಂಕಿ ಬಿತ್ತಲ್ಲ, ಅದರ ಮಾರ್ನೇ ದಿನ. ಇನ್ನೂ ಸರಿಯಾಗಿ ಬೆಳಕಾಗಿರ್ಲಿಲ್ಲ. ಹೊಗೆ ಹಂಗೇ ಏಳ್ತಿತ್ತು. ಟೆಂಪೋ ಬಂತು, ಇದನ್ನ ಇಳಿಸಿ ಬಿಗಿದ್ರು. ಆಮ್ಯಾಕೆ ನನ್ನ ಕರೆದು, ‘ಅಕ್ಕಯಮ್ಮ, ಆ ನಾಮ ತೆಗಿ’ ಅಂತ ಕೈಗೆ ಬ್ಲೇಡು ಕೊಟ್ರು.”

“ಕೆರೆದು ತೆಗೆಯೋಕೆ.”

“ಊಂ. ನಮ್ಮನೆ ದೇವ್ರು ತಿಮ್ಮಪ್ಪ ಕಣವ್ವಾ. ವರ್ಸಕ್ಕೊಂದು ಸತಿ ಮುಡಿ ಕೊಡ್ತೀವಿ. ಆ ನಾಮಕ್ಕೆ ಬ್ಲೇಡು ಹಾಕ್ಲಾ? ಕೈ ಬರ್ಲಿಲ್ಲ. ತಟ್ಟೇಲಿ ವಿಭೂತಿ ಇತ್ತು, ಕಲಸಿ ಮೇಲೆ ಮೆತ್ತಿದೆ. ಕೆರೆದೆ ಅಂತ ಸುಳ್ಳು ಹೇಳ್ದೆ. ತಿಮ್ಮಪ್ಪನ ಮೇಲೆ ಈಸ್ವರನ್ನ ಕೂರ್ಸಿದೀನಿ, ಅವರವರೇ ಮಾತಾಡ್ಕಳ್ಳಿ, ನನ್ನ ಮೇಲೆ ಬರ್ದೇ ಇರ್ಲಿ ಅಂತ ಕೈಮುಗ್ದೆ.”

ರುಕ್ಮಿಣಮ್ಮನಿಗೆ ಆ ಒರಟು ಕೈಗಳನ್ನು ಹಿಡಿದುಕೊಳ್ಳಬೇಕೆನ್ನಿಸಿತು. ಆ ಕೈಗಳು ಹೇಳಿದಂತೆ ಕೇಳಿದ್ದರೆ ಇಂದು ಯಾವ ಸಾಕ್ಷಿಯೂ ಇರುತ್ತಿರಲಿಲ್ಲ. ಪಂಪು ಹೋಗಿತ್ತು. ಮುನಿಕೃಷ್ಣ ಹೇಳಿದ್ದು ನಿಜ. ಬೈಲಪ್ಪ ಕೇಳಿದ ಒಂದೇ ಒಂದು ಸಾಕ್ಷಿ ತಮ್ಮ ಪಕ್ಕದಲ್ಲಿ, ಸಂಪಿನ ಕಟ್ಟೆಯ ತುದಿಯಲ್ಲಿ ಕೂತಿದೆ.

“ಬ್ಲೇಡು ಕೊಟ್ಟವರು ಯಾರು ಅಕ್ಕಯಮ್ಮ? ಇಲ್ಲೇ ಇದ್ದಾರಾ? ಹೆದರಬೇಡಿ.”

ಅವಳು ಶಶಿಕುಮಾರನ ಕಡೆ ನೋಡಿ ತಲೆಯಾಡಿಸಿದಳು. ಹೌದೆಂದಲ್ಲ, ಅಲ್ಲವೆಂದು.

“ಸಾಮಿ ಎಲ್ಲಿದ್ರು? ಅವರು ಬೈರಣ್ಣನ್ನ ಕಾರಲ್ಲಿ ಹಾಕ್ಕೊಂಡು ಬೆಂಗ್ಳೂರು ಆಸ್ಪತ್ರೆಗೆ ಹೋದೋರು, ಮಾರ್ನೇ ದಿನ ಮಧ್ಯಾಹ್ನಾನೇ ಬಂದಿದ್ದು.” ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಪಂಪು ತಂದೋನು ಮುನಿಕೃಷ್ಣ. ಬಿಗಿದೋನೂ ಅವನೇ. ನಂಗೆ ಬ್ಲೇಡು ಕೊಟ್ಟೋನೂ ಅವನೇ ಕಣವ್ವಾ. ಕೊಡೋವಾಗ ಅಲಗನ್ನೇ ಮುಷ್ಟೀಲಿ ಹಿಡ್ಕೊಂಡಿದ್ದ. ಬೆರಳು ಕುಯ್ಕಂಡೀಯ ಮಗಾ ಅಂತ ನಾನೇ ಅಂದೆ.”

ಬೆಳಿಗ್ಗೆ ಕಂಬಿಯ ಹಿಂದೆ ಅವನು ಹೇಳಿದ್ದು ಅರ್ಧ ನಿಜ ಎಂದು ರುಕ್ಮಿಣಮ್ಮನಿಗೆ ಈಗ ಹೊಳೆಯಿತು. ಪಂಪು ತೆಗೆದೆ ಎಂದಿದ್ದ, ಬೆಂಕಿಯ ದಿನ ಇರಲಿಲ್ಲ ಎಂದಿದ್ದ. ಎಲ್ಲಿಗೆ ಹೋಯಿತೋ ಗೊತ್ತಿಲ್ಲ ಎಂದು, ಮರಳಿ ತಂದದ್ದನ್ನು ಮಾತ್ರ ಮುಚ್ಚಿಟ್ಟಿದ್ದ. ತನ್ನನ್ನು ಬಿಡಿಸಬಲ್ಲ ಸಾಕ್ಷಿಯನ್ನು ತಾನೇ ಬ್ಲೇಡು ಕೊಟ್ಟು ಅಳಿಸಲು ಹೊರಟವನನ್ನು ಹೇಗೆ ಬಿಡಿಸುವುದು?

“ಪಂಪು ಹೋಗಿತ್ತಾ?” ಶಶಿಕುಮಾರನ ದನಿ ಒಡೆದಿತ್ತು. “ಅಮ್ಮಾ, ಚೌಡೇಶ್ವರಿ ಆಣೆ. ಅದು ಇಲ್ಲಿ ಇರ್ಲಿಲ್ಲ ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ರಾತ್ರಿಯೆಲ್ಲಾ ಬೈರಣ್ಣನ ಹತ್ರ ಕೂತಿದ್ದೆ. ನೀರು ಯಾಕೆ ಬರ್ಲಿಲ್ಲ ಸಾಮಿ, ನೀರು ಯಾಕೆ ಬರ್ಲಿಲ್ಲ ಅಂತ ಅದೊಂದೇ ಕೇಳ್ತಿದ್ದ.”

ನಟನೆಯಾಗಿದ್ದರೆ ಅದು ಬಹಳ ಒಳ್ಳೆಯ ನಟನೆ.

ಆಫೀಸಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

*

ರುಕ್ಮಿಣಮ್ಮ ಕುಂಟುತ್ತಲೇ ಹೋಗಿ ರಿಸೀವರ್ ಎತ್ತಿದರು. ಬೈಲಪ್ಪನವರಿಗೆ ಹೇಳುವುದೋ, ಬಿಡುವುದೋ? ಹೇಳಿದರೆ ಹುಡುಗ ಇನ್ನಷ್ಟು ಆಳಕ್ಕೆ ಇಳಿಯುತ್ತಾನೆ. ಹೇಳದಿದ್ದರೂ ಇಂದು ಮಧ್ಯಾಹ್ನ ಒಳಗೆ ಹೋಗುತ್ತಾನೆ.

“ಅಮ್ಮಾ, ನೀವಿನ್ನು ಕಷ್ಟ ಪಡ್ಬೇಡಿ, ಬಂದ್ಬಿಡಿ.” ಬೈಲಪ್ಪನ ದನಿಯಲ್ಲಿ ಗೆಲುವಿರಲಿಲ್ಲ. “ಕೇಸು ಮುಗೀತು.”

“ಯಾಕೆ, ಏನಾಯ್ತು?”

“ಒಪ್ಕೊಂಡ. ಪಂಪು ಎಲ್ಲೂ ಹೋಗಿರ್ಲಿಲ್ಲ, ವಾಲ್ವು ತೆಗೆಯೋದು ಮರ್ತಿದ್ದೆ, ಬೈರಣ್ಣನ ಸಾವಿಗೆ ನಾನೊಬ್ಬನೇ ಕಾರಣ ಅಂತ. ಯಾರೂ ಒಂದೇಟು ಹೊಡೀಲಿಲ್ಲ ಅಮ್ಮಾ, ನನ್ನ ಮಕ್ಳಾಣೆ. ಅವನಾಗಿಯೇ ಕರೆದು ಹೇಳ್ದ. ಬರ್ಕೊಳ್ಳಿ ಸಾರ್ ಅಂದ.”

ಬೆಳಿಗ್ಗೆ ನಿಜ ಹೇಳಿದ್ದವನು ಮಧ್ಯಾಹ್ನಕ್ಕೆ ಸುಳ್ಳು ಹೇಳುತ್ತಿದ್ದಾನೆ. ಅದೂ ತನ್ನನ್ನು ಜೈಲಿಗೆ ಕಳಿಸುವ ಸುಳ್ಳು.

“ಬೈಲಪ್ಪನವರೇ, ನಾನು ಬರೋವರೆಗೆ ಅವನನ್ನ ಠಾಣೆಯಿಂದ ಹೊರಗೆ ಕರ್ಕೊಂಡು ಹೋಗಬೇಡಿ. ಪಂಪು ಹೋಗಿತ್ತು. ಕಣ್ಣಾರೆ ಕಂಡವರು ಇಲ್ಲಿದ್ದಾರೆ.”

ಆ ಕಡೆ ಕುರ್ಚಿ ಸರಿದ ಸದ್ದು. “ಮತ್ತೆ ಇವನ್ಯಾಕೆ...”

“ನಾನು ಹೋದ ಮೇಲೆ ಅವನನ್ನ ನೋಡೋಕೆ ಯಾರಾದರೂ ಬಂದಿದ್ರಾ?”

ಬೈಲಪ್ಪ ಟೀ ಲೋಟ ಕೆಳಗಿಟ್ಟ ಸದ್ದು ಕೇಳಿತು.

“ಒಬ್ಬಳು ಬಂದಿದ್ಲು. ಊಟ ತಂದಿದ್ಲು. ಗಂಡನ ಹನ್ನೊಂದನೇ ದಿನದ ಕಾರ್ಯಾನೂ ಇನ್ನೂ ಆಗಿಲ್ಲ, ಬೇಡಮ್ಮಾ ಹೋಗು ಅಂದೆ. ಕೇಳ್ಲಿಲ್ಲ. ಕಂಬಿ ಸಂದಿಯಿಂದ ಮುದ್ದೆ ಮುರಿದು ತನ್ನ ಕೈಯಾರೆ ಅವನಿಗೆ ತಿನ್ನಿಸಿ ಹೋದ್ಲು. ಅವಳು ಗೇಟು ದಾಟಿದ ಮೇಲೇ ಅವನು ನನ್ನ ಕರೆದು ಬರ್ಕೊಳ್ಳಿ ಅಂದದ್ದು.”

“ಯಾರವಳು?”

“ಬೈರಣ್ಣನ ಹೆಂಡ್ತಿ ಅಮ್ಮಾ. ಕದಿರಮ್ಮ.”